ಭಾವನವರ ದೀಪದ ಹಲಗೆ

ನಮ್ಮ ಭಾವನವರಿಗೆ ದೇವರಿಗಿಂತ ಒಂದು ಗುಲಗಂಜಿ ಹೆಚ್ಚೇ ಗೊತ್ತು. ಹೀಗೆ ಬರೆಯುವುದು ಶಿವನಿಂದೆ ಎಂದು ನನಗೂ ತಿಳಿದಿದೆ. ಕೆನ್ನೆ ಬಡಿದುಕೊಂಡೇ ಬರೆಯುತ್ತಿದ್ದೇನೆ. ಆದರೆ ನೀವೇ ಹೇಳಿ, ನಾನು ಮಧ್ಯಾಹ್ನ ಫ್ರಿಜ್ಜಿನ ಬಾಗಿಲು ತೆಗೆದದ್ದು ದೇವರಿಗೆ ಕಂಡರೂ ಅವನು ಸಂಜೆ ಚಹಾ ಕುಡಿಯುವ ಹೊತ್ತಿಗೆ ಬಂದು ನನ್ನ ಗಂಡನಿಗೆ ಹೇಳುತ್ತಾನೆಯೆ? ಇವರು ಹೇಳುತ್ತಾರೆ!

ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ಮದುವೆಯಾಗಲಿಲ್ಲ. ಹರಿಹರದ ಒಂದು ಕಾರ್ಖಾನೆಯಲ್ಲಿ ಕರೆಂಟಿನ ಕೆಲಸ. ಅಲ್ಲಿ ದೊಡ್ಡ ಹಲಗೆಯೊಂದರ ತುಂಬ ಪುಟ್ಟ ಪುಟ್ಟ ದೀಪಗಳಿದ್ದವಂತೆ, ಮಶೀನಿಗೊಂದು. ಮಶೀನು ಓಡುತ್ತಿದ್ದರೆ ದೀಪ ಹತ್ತಿರುತ್ತದೆ, ನಿಂತರೆ ಆರುತ್ತದೆ. ಮಶೀನುಗಳ ಗದ್ದಲದ ನಡುವೆ, ಆ ಹಲಗೆಯ ಮುಂದೆ ಕುರ್ಚಿ ಹಾಕಿಕೊಂಡು ಇವರು ತಮ್ಮ ಆಯುಷ್ಯ ಕಳೆದರು. ರಿಟೈರಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ದಾವಣಗೆರೆಗೆ, ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಬಂದರು. ತಂದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಗೋಣಿಚೀಲ. ಟ್ರಂಕಿನಲ್ಲಿ ಏನಿದೆ ಎಂದು ಕೇಳಿದೆ. ಚೀಲದಲ್ಲಿ ಏನಿದೆ ಎಂದು ಕೇಳಬೇಕಾಗಿತ್ತು.

ಚೀಲದಲ್ಲಿದ್ದದ್ದು ತಂತಿ. ತಿಂಗಳು ಕಳೆಯುವುದರೊಳಗೆ ಅವರ ಕೋಣೆಯ ಗೋಡೆಗೂ ಒಂದು ಹಲಗೆ ಬಂತು, ಅದರ ಮೇಲೆ ಟಾರ್ಚಿನ ಬಲ್ಬುಗಳು ಬಂದವು. ಬೀದಿ ಬಾಗಿಲಿಗೊಂದು, ಹಿತ್ತಿಲ ಬಾಗಿಲಿಗೊಂದು, ಫ್ರಿಜ್ಜಿಗೊಂದು, ಅಡುಗೆಮನೆಯ ಕಪಾಟಿಗೊಂದು. ಯಾವುದನ್ನು ತೆಗೆದರೂ ಅದರ ದೀಪ ಹತ್ತಬೇಕು. ಬಚ್ಚಲಿಗೆ ಮಾತ್ರ ತಂತಿ ಎಳೆಯಲಿಲ್ಲ. ನನ್ನ ಮಾನಕ್ಕಾಗಿ ಅಲ್ಲ, ನೀರಿರುವ ಜಾಗದಲ್ಲಿ ಶಾಕ್ ಹೊಡೆಯುತ್ತದೆ ಎಂದು. ಯಾವ ಕಾರಣಕ್ಕಾದರೂ ಆಗಲಿ, ಶಿವನ ದಯೆ ಎಂದುಕೊಂಡೆ.

"ಇದೇನ್ರಿ ಭಾವಾರ, ಮನೆಯೋ ಫ್ಯಾಕ್ಟ್ರಿಯೋ?" ಎಂದೆ.

"ಕಳ್ಳರು ಬಂದ್ರೆ ಗೊತ್ತಾಗ್ತೈತೆ ತಗಳವ್ವ."

"ಕಳ್ಳ ಬಂದು ಫ್ರಿಜ್ ತೆಗ್ದು ಮಜ್ಜಿಗೆ ಕುಡೀತಾನೇನ್ರಿ?"

"ನೀ ನಗು. ಮುಂದೆ ಎಲ್ಲಾರ ಮನೇನೂ ಹಿಂಗೇ ಆಗ್ತೈತೆ. ಫ್ರಿಜ್ಜೇ ಅಂಗಡಿಗೆ ಸುದ್ದಿ ಮುಟ್ಟಿಸ್ತೈತೆ, ಹಾಲು ಮುಗೀತು ಕಳಸ್ರಿ ಅಂತ."

"ಮುಗೀತು ಅಂತ ಹೇಳ್ಲಿ ಬಿಡ್ರಿ. ಯಾರು ಮುಗಿಸಿದ್ರು ಅಂತ ಹೇಳೋದು ಬ್ಯಾಡ."

ನನ್ನ ಭಯಕ್ಕೆ ಕಾರಣವಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ, ಕಾಯಿಸಿಟ್ಟ ಹಾಲಿನ ಕೆನೆಗೆ ಸಕ್ಕರೆ ಉದುರಿಸಿಕೊಂಡು ಒಂದು ಬಟ್ಟಲು ತಿನ್ನುವುದು ನನ್ನ ರೂಢಿ. ಮಾಡಿದ ಕೆಲಸಕ್ಕೆ ನಾನೇ ನನಗೆ ಕೊಟ್ಟುಕೊಂಡ ಸಂಬಳ ಅದು. ಒಂದು ಸಂಜೆ ಭಾವನವರು ಮಶೀನಿನ ಗದ್ದಲದ ಆಚೆಗೆ ಕೇಳಿಸಬೇಕೆಂಬಂತೆ ಗಟ್ಟಿಯಾಗಿ ಹೇಳಿದರು: "ಮಧ್ಯಾಹ್ನ ಫ್ರಿಜ್ ಬಾಗ್ಲು ಬಾಳ ಹೊತ್ತು ತೆಗ್ದಿತ್ತವ್ವ. ಅದರ ಬೆನ್ನಿಗೇ ಕಪಾಟು, ಸಕ್ಕರಿ ಡಬ್ಬಿ ಇರೋದು."

ನಮ್ಮ ಯಜಮಾನರು ಬಸಿಯಿಂದ ಚಹಾ ಹೀರಿ, "ಓ, ಬೆಣ್ಣೆ ಯಾಕ ಕಮ್ಮಿ ಬೀಳ್ತೈತೆ ಅಂತಿದ್ದೆ" ಎಂದರು. ಎರಡು ದೀಪದಿಂದ ನನ್ನ ಹೊಟ್ಟೆಯೊಳಗೇನಿದೆ ಎಂದು ಓದಿದ ಜ್ಞಾನಿಗಳು ಇವರು!

ಆಮೇಲೆ ಕರೆಂಟು ಹೋಗಲಿ ಎಂದು ಬೇಡಿಕೊಳ್ಳುತ್ತಿದ್ದ ಹೆಂಗಸು ಇಡೀ ಬಡಾವಣೆಯಲ್ಲಿ ನಾನೊಬ್ಬಳೇ. ಬೇಡಿದ್ದನ್ನು ದೇವರು ದಿನಾ ಧಾರಾಳವಾಗಿ ಕೊಡುತ್ತಿದ್ದ. ಫ್ಯಾನು ನಿಂತು, ಬೆವರು ಸುರಿದು, ಅಕ್ಕಪಕ್ಕದವರು ಶಾಪ ಹಾಕುವಾಗ ನಾನು ನೆಮ್ಮದಿಯಿಂದ ಕಪಾಟು ತೆಗೆಯುತ್ತಿದ್ದೆ. ಅದನ್ನೂ ಸಹಿಸಲಾರದೆ ಭಾವನವರು ಎಲ್ಲಿಂದಲೋ ಹಳೇ ಲಾರಿ ಬ್ಯಾಟರಿ ತಂದು ಹಲಗೆಗೆ ಜೋಡಿಸಿದರು. ಊರಿಗೆಲ್ಲ ಕರೆಂಟಿಲ್ಲ, ನನ್ನ ಕೆನೆಗೆ ಮಾತ್ರ ಉಂಟು.

ಇಷ್ಟನ್ನೂ ನುಂಗಿಕೊಂಡೆ. ನುಂಗಲಾರದ್ದು ಮುಂದಿದೆ.

ಒಂದು ಸೋಮವಾರ ಹರಿಹರದಿಂದ ಸೋದರತ್ತೆ ಬಂದರು. ಇವರಿಬ್ಬರ ತಂದೆಯ ತಂಗಿ, ಮಡಿವಂತೆ, ಮಾತಿನಲ್ಲಿ ಖಡಕ್. ಊಟಕ್ಕೆ ಕೂತಾಗ ಅಪರೂಪಕ್ಕೆ ನನ್ನನ್ನು ಹೊಗಳಿದರು. "ಭಕ್ತಿ ಅಂದ್ರೆ ಇವಳದು ನೋಡ್ರಪ್ಪ. ದೇವರ ಮನೆ ಚಿಲಕ ಹಾಕ್ಕೊಂಡು ಪೂಜೆಗೆ ಕುಂತ್ರೆ ತಾಸುಗಟ್ಲೆ ಏಳಂಗಿಲ್ಲ."

ಭಾವನವರು ರೊಟ್ಟಿ ಮುರಿಯುತ್ತ, "ಇಲ್ಲತ್ತೆ, ಪೂಜೆ ಬೇಗ ಮುಗಿತೈತೆ" ಎಂದರು. "ಮಣೆ ದೀಪ ಸ್ವಲ್ಪ ಹೊತ್ತಿಗೇ ಆರ್ತೈತೆ. ಚಿಲಕದ ದೀಪ ಮಾತ್ರ ಹತ್ಕೊಂಡೇ ಇರ್ತೈತೆ. ಒಳಗೇ ಇರ್ತಾಳೆ, ಆದ್ರೆ ಮಣೆ ಮ್ಯಾಲಿರಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು. ದೇವರ ಮನೆಯ ಚಿಲಕಕ್ಕಷ್ಟೇ ಅಲ್ಲ, ನಾನು ಕೂರುವ ಮಣೆಯ ಕೆಳಗೂ ದೀಪದ ಗುಂಡಿ ಕೂರಿಸಿದ್ದರು. ವಿಭೂತಿ ಹಚ್ಚಿಕೊಂಡು ಲಿಂಗವನ್ನು ಅಂಗೈಯಲ್ಲಿ ಹಿಡಿಯುವ ಜಾಗದಲ್ಲಿ!

"ಹಂಗಾರೆ ಒಳಗೆ ಕುಂತು ಏನ್ ಮಾಡ್ತೀಯವ್ವ?" ಎಂದು ಅತ್ತೆ ಕೇಳಿದರು. ಮೂರು ಮುಖ ನನ್ನ ಕಡೆ ತಿರುಗಿದವು.

ಏನು ಮಾಡುತ್ತೇನೆ? ಪೂಜೆ ಮುಗಿಸಿ, ಗೋಡೆಗೆ ಒರಗಿ, ಕಾಲು ಚಾಚಿ ಸುಮ್ಮನೆ ಕೂರುತ್ತೇನೆ. ಕೆಲವು ದಿನ ಅತ್ತಿದ್ದೇನೆ, ಕೆಲವು ದಿನ ಶಿವನಿಗೆ ಎರಡು ಮಾತು ಬೈದಿದ್ದೇನೆ. ಮದುವೆಯಾಗಿ ಬಂದ ಮೇಲೆ ಒಳಗಿನಿಂದ ಚಿಲಕ ಹಾಕಿಕೊಂಡು ಒಬ್ಬಳೇ ಇರಲು ನನಗೆ ಸಿಕ್ಕ ಜಾಗ, ಬಚ್ಚಲು ಬಿಟ್ಟರೆ ಅದೊಂದೇ. ಅದನ್ನು ಊಟದ ತಟ್ಟೆಯ ಮುಂದೆ ಹರಡಿದರೆ ಏನು ಹೇಳಲಿ?

ಎದ್ದು ನಿಂತೆ. "ಭಾವಾರ, ನಾನು ಮಶೀನ್ ಅಲ್ರಿ. ನಾನು ಎಲ್ಲಿ ಕುಂತೆ, ಎದ್ದೆ ಅಂತ ನೋಡಾಕೆ ನಿಮಗೆ ಯಾರು ಹೇಳಿದ್ರು? ಶಿವನ ಮುಂದೆ ಕುಂತಿದ್ದು ಶಿವನಿಗೆ ಗೊತ್ತಾದ್ರೆ ಸಾಕು."

"ಅಣ್ಣನ ಜೊತೆ ಹಂಗೆ ಮಾತಾಡ್ತಾರೇನೆ?" ಎಂದು ಯಜಮಾನರು ಗದರಿದರು.

"ನಿಮ್ಮ ಸ್ಕೂಟರಿಗೆ ದೀಪ ಐತೇನ್ರಿ? ನಿಮ್ಮ ಅಂಗಿ ಕಪಾಟಿಗೆ ಐತಾ? ಎಲ್ಲಾ ದೀಪಾನೂ ನಾನು ಓಡಾಡೋ ಜಾಗಕ್ಕೇ ಯಾಕ?"

ಯಜಮಾನರು ತಲೆ ತಗ್ಗಿಸಿ ರೊಟ್ಟಿ ಮುರಿದರು. ಅತ್ತೆ ಮಾತ್ರ ಮಜ್ಜಿಗೆ ಲೋಟ ನನ್ನ ಕೈಗಿಟ್ಟು, "ಮೊದ್ಲು ಕುಡಿ" ಎಂದರು. ಅಷ್ಟಾದರೂ ಆಯಿತಲ್ಲ.

ಮರುದಿನ ಭಾವನವರು ತಾವೇ ತಂತಿಗಳನ್ನೆಲ್ಲ ಕಿತ್ತು, ಒಪ್ಪವಾಗಿ ಸುತ್ತಿ ಚೀಲಕ್ಕೆ ಹಾಕಿದರು. ನಾನು ಕೆನೆ ತಿಂದೆ. ಸಿಟ್ಟು ಹೋಗಲಿಲ್ಲ. ಅವರೊಡನೆ ಮಾತು ಬಿಟ್ಟೆ. ತಟ್ಟೆ ಇಡುವುದು, ಹೋಗುವುದು. ಅವರು ಹೊತ್ತಲ್ಲದ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ಇಣುಕಿ ಹೋಗುತ್ತಿದ್ದರು. ಹಲಗೆ ಹೋದರೂ ಚಾಳಿ ಹೋಗಲಿಲ್ಲ ಎಂದು ಹಲ್ಲು ಕಡಿದೆ.

ಕೆಲವು ದಿನ ಕಳೆದವು. ಒಂದು ಸಂಜೆ ಗುಡಿಗೆ ಹೋಗಿದ್ದವಳು ಹಿತ್ತಿಲ ಬಾಗಿಲಿಂದ ಒಳಗೆ ಬಂದು ಕುಕ್ಕರ್ ಇಟ್ಟೆ. ಪಾತ್ರೆ ತೊಳೆದೆ, ಒಂದೆರಡು ಕೈಜಾರಿ ಬಿದ್ದವು ಕೂಡ. ಪಡಸಾಲೆಗೆ ಬಂದು ನೋಡಿದರೆ ಭಾವನವರು ಬೀದಿ ಗೇಟು ಹಿಡಿದು ನನಗೆ ಬೆನ್ನು ಮಾಡಿ ನಿಂತಿದ್ದರು. ಎದುರು ಮನೆಯಾಕೆ ಏನೋ ಕೇಳಿದರು.

"ನಮ್ಮ ಹುಡುಗಿ ಗುಡಿಗೆ ಹೋಗ್ಯಾಳವ್ವ. ಕತ್ಲಾಗ್ತಾ ಬಂತು, ಇನ್ನಾ ಬಂದಿಲ್ಲ" ಎಂದರು.

ಅವರ ಹಿಂದೆಯೇ ಕುಕ್ಕರ್ ಮನೆ ಹಾರಿಹೋಗುವಂತೆ ಸಿಳ್ಳೆ ಹೊಡೆಯುತ್ತಿತ್ತು. "ಭಾವಾರ" ಎಂದು ಕರೆದೆ. ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ಕರೆದೆ. ಅವರು ರಸ್ತೆಯ ತಿರುವನ್ನೇ ನೋಡುತ್ತಿದ್ದರು.

ಎದುರಿಗೆ ಕೂತು ಆಡಿದ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದರು ಎಂದು ಆಗ ತಿಳಿಯಿತು. ಉಳಿದಂತೆ, ಆ ಮಶೀನುಗಳು ಅವರ ಕಿವಿಯನ್ನು ಹರಿಹರದಲ್ಲೇ ಇಟ್ಟುಕೊಂಡಿದ್ದವು. ಬಾಗಿಲ ಕಿರುಗುಟ್ಟುವಿಕೆ, ಬಳೆ, ಒಗ್ಗರಣೆಯ ಸದ್ದಿನಿಂದ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂದು ನಮಗೆಲ್ಲ ಪುಕ್ಕಟೆ ತಿಳಿಯುವುದನ್ನು ಅವರು ಬಲ್ಬು ಹಾಕಿ ತಿಳಿದುಕೊಳ್ಳುತ್ತಿದ್ದರು.

ಮಣೆಯ ವಿಷಯಕ್ಕೆ ನನಗೆ ಈಗಲೂ ಸಿಟ್ಟಿದೆ. ಅದು ತಪ್ಪೇ. ಆದರೂ ಅವರ ಎದುರಿಗೆ ಹೋಗಿ ನಿಂತು, ತುಟಿ ಬಿಡಿಸಿ ಹೇಳಿದೆ: "ಒಂದು ದೀಪ ಹಾಕ್ಕೊಳ್ರಿ. ಒಂದೇ. ಗುಂಡಿ ಅಡುಗೆಮನ್ಯಾಗ ಇರ್ಲಿ, ಒತ್ತೋಳು ನಾನು."

ನನ್ನನ್ನು ಕಂಡು ನಿಟ್ಟುಸಿರುಬಿಟ್ಟವರು, ಬಾಗಿಲ ಕಡೆ ನೋಡಿ, "ಯಾವಾಗ ಬಂದ್ಯವ್ವ?" ಎಂದರು.

ಈಗ ಹೊರಗಿನಿಂದ ಬಂದ ಕೂಡಲೇ ಒತ್ತುತ್ತೇನೆ. ಒಲೆ ಹಚ್ಚುವಾಗ ಒತ್ತುತ್ತೇನೆ. ಕೆಲವು ಸಲ ಏನೂ ಇಲ್ಲದಿದ್ದರೂ, ದಾಟಿ ಹೋಗುವಾಗ ಸುಮ್ಮನೆ ಒಮ್ಮೆ ಒತ್ತುತ್ತೇನೆ. ಆ ಕೋಣೆಯಿಂದ ಒಂದು ಕೆಮ್ಮು ಬರುತ್ತದೆ. ಕೇಳಿಸಿತು ಎಂದು ಅರ್ಥ.