ಸಾಲ ತೀರಿಸಲು ಹೂವು ಕೇಳಿದ್ದು

ಈ ವರ್ಷ ಮನೆಸಾಲದ ದುಡ್ಡನ್ನು ಬ್ಯಾಂಕಿನವರ ಮುಖಕ್ಕೆ ಬಿಸಾಕಿ, ನನ್ನ ಮನೆಯ ನಾಲ್ಕೂ ಗೋಡೆಗಳಿಗೆ ಸ್ವಾತಂತ್ರ್ಯ ಕೊಡಿಸಿಯೇ ತೀರುತ್ತೇನೆ! ಹೀಗೆಂದು ನಾನು ಗುಡುಗಿದ್ದು ಯಾವ ವೇದಿಕೆಯ ಮೇಲೂ ಅಲ್ಲ, ಸಿಂದಗಿಯ ನಮ್ಮ ಅಡುಗೆಮನೆಯಲ್ಲಿ. ಸಭಿಕರು ಒಬ್ಬರೇ: ಹೆಂಡತಿ ಸುವರ್ಣಾ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಅದು ನನಗೆ ಚಪ್ಪಾಳೆಯಂತೆ ಕೇಳಿಸಿತು!

“ಯಾವ ರೊಕ್ಕದಾಗ?” ಎಂದಳು.

“ಠೇವಣಿ ಐತೆಲ್ಲ, ನಾಕ ಲಕ್ಷ! ಸಾಲಾನೂ ಅಷ್ಟ ಉಳದೈತಿ. ಒಯ್ದು ಒಗದ್ರ ಆತು.”

“ಒಗದ ಮ್ಯಾಲ ನಾಳೆ ಯಾರರ ದವಾಖಾನಿಗೆ ಬಿದ್ರ? ಡಾಕ್ಟರಿಗೆ ಏನ ಕೊಡ್ತೀರಿ, ಗ್ವಾಡಿ ಕಿತ್ತ ಕೊಡ್ತೀರೇನು?”

“ಏ, ಸಾಲಕ್ಕ ಒಂಬತ್ತು ಬಡ್ಡಿ, ಠೇವಣಿಗೆ ಏಳು. ನಡುವಿನ ಎರಡು ಬ್ಯಾಂಕಿನವ್ರ ಹೊಟ್ಟಿಗೆ!”

“ಹೋಗ್ಲಿ ಬಿಡ್ರಿ. ಆ ಎರಡಕ್ಕ ನನಗ ಕಣ್ತುಂಬ ನಿದ್ದಿ ಬರ್ತೈತಿ.”

ಓದುಗರೇ, ನಾನು ಕಾಲೇಜಿನ ಮೆಟ್ಟಿಲು ಕಂಡವನಲ್ಲ. ನನ್ನ ವೈರು-ಬಲ್ಬಿನ ಅಂಗಡಿಗೆ ಪೊಟ್ಟಣ ಕಟ್ಟಲು ಬರುವ ರದ್ದಿ ಪತ್ರಿಕೆಗಳನ್ನೇ ಓದಿ ಓದಿ ಬರಹಗಾರನಾದವನು. ಪ್ರತಿ ವಾರ ಈ ಅಂಕಣದಲ್ಲಿ ಬೆಂಕಿ ಕಾರುತ್ತೇನೆ. ಶಾಸಕರು ನಡುಗುತ್ತಾರೆ, ಗುತ್ತಿಗೆದಾರರು ಬೆವರುತ್ತಾರೆ ಎಂದು ನನ್ನ ನಂಬಿಕೆ. ಸುವರ್ಣಾ ಮಾತ್ರ ಇದುವರೆಗೆ ನಡುಗಿದ ದಾಖಲೆಯಿಲ್ಲ. ಠೇವಣಿಯೋ ಇಬ್ಬರ ಹೆಸರಿನಲ್ಲಿದೆ. ಆಕೆಯ ಸಹಿ ಬೀಳದೆ ಒಂದು ಪೈಸೆಯೂ ಕದಲುವುದಿಲ್ಲ!

ಶೀತಲ ಸಮರ ಶುರುವಾಯಿತು. ನನ್ನ ತಟ್ಟೆಯ ರೊಟ್ಟಿ ದಪ್ಪವಾಗುತ್ತ ಬಂತು, ಪಲ್ಯ ತೆಳ್ಳಗಾಗುತ್ತ ಹೋಯಿತು. ಕೊನೆಗೆ ಆಕೆಯೇ ಸಂಧಾನಕ್ಕೆ ಬಂದಳು.

“ಮೋರಟಗಿ ಕಡೆ ಹೊಲದಾಗಿನ ಹನುಮಪ್ಪಗ ಹೂ ಕೇಳೂಣು. ಅಂವ ಹೂಂ ಅಂದ್ರ ನಾ ಸಹಿ ಮಾಡ್ತೇನಿ.”

ನನಗೆ ಮೈಯೆಲ್ಲ ಉರಿಯಿತು. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ, ಬಲದ್ದು ಬಿದ್ದರೆ ಹೂಂ, ಎಡದ್ದು ಬಿದ್ದರೆ ಉಹೂಂ ಎಂದು ಬಾಳ್ವೆ ನಡೆಸುವುದೇ? ‘ಹೂವಿಗೆ ಕಿವಿಯಿಲ್ಲ!’ ಎಂಬ ಶೀರ್ಷಿಕೆಯಲ್ಲಿ ನಾನೇ ಇದನ್ನು ಹರಿದು ಹಾಕಿಲ್ಲವೇ? ಆದರೆ ನಾಲ್ಕು ಲಕ್ಷದ ಮುಂದೆ ನನ್ನ ವೈಚಾರಿಕತೆ ಸ್ವಲ್ಪ ಬಾಗಿತು. ಬಾಗಿದ್ದೇನು, ಬೈಕ್ ಹತ್ತಿ ಕೂತೇಬಿಟ್ಟಿತು!

ಯಾರೂ ಗುರುತು ಹಿಡಿಯಬಾರದೆಂದು ಗುಡಿಯೊಳಗೂ ಹೆಲ್ಮೆಟ್ ಹಾಕಿಕೊಂಡೇ ಹೋದೆ. ಪೂಜಾರಿ ಶ್ರೀಶೈಲಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಟೊಪಗಿ ತಗೀರಿ ಸಾಹೇಬ್ರ, ಹನುಮಪ್ಪ ಯಾರಿಗೂ ಬಡಿಯಂಗಿಲ್ಲ” ಎಂದ. ತೆಗೆದೆ. ಅದೇ ತಪ್ಪಾಯಿತು! ಎಮ್ಮೆ ಮಾರಬೇಕೋ ಬೇಡವೋ ಎಂದು ಕೇಳಲು ಬಂದಿದ್ದ ಭೀಮಶ್ಯಾ ಎಂಬಾತ ಬಾಯಿ ಅಗಲಿಸಿದ.

“ಅರೇ, ಪೇಪರಿನಾಗ ಬರಿಯೋ ಸಂಜೀವಕುಮಾರ ಸರ್ ಅಲ್ರಿ ನೀವು?”

“ಅಲ್ಲಪಾ, ಅಂವ ನಮ್ಮಣ್ಣ” ಎಂದುಬಿಟ್ಟೆ.

“ನಮ್ಮತ್ತಿಗೆ ಇರಾಂವ ಒಬ್ಬನ ಮಗ” ಎಂದಳು ಪಕ್ಕದಲ್ಲಿದ್ದ ಧರ್ಮಪತ್ನಿ.

ಹೋದ ಮಾನ ಇಷ್ಟಕ್ಕೇ ನಿಲ್ಲಲಿಲ್ಲ. ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಬೇಕಂತೆ! “ಬಾಯಾಗ ಗುಣುಗುಣು ಅಂದ್ರ ದೇವ್ರಿಗೆ ಕೇಳಸಂಗಿಲ್ರಿ” ಎಂದ ಶ್ರೀಶೈಲಪ್ಪ. ತುಂಬಿದ ಗುಡಿಯಲ್ಲಿ ನನ್ನ ಸಾಲ, ಠೇವಣಿ, ಬಡ್ಡಿ ಎಲ್ಲವನ್ನೂ ಒದರಿದೆ. ಹನುಮಪ್ಪ ಸುಮ್ಮನಿದ್ದ, ಊರು ಸುಮ್ಮನಿರಲಿಲ್ಲ.

“ತುಂಬಿ ಬಿಡ್ರಿ ಸರ್, ಸಾಲ ಅಂದ್ರ ಶೂಲ!”

“ತುಂಬಬ್ಯಾಡ್ರಿ! ನಾಕ ಎಮ್ಮಿ ಕಟ್ರಿ. ನನ್ನದೊಂದು ಐತಿ, ಇವತ್ತ ಹೊಡಕೊಂಡ ಹೋಗ್ರಿ” ಎಂದ ಭೀಮಶ್ಯಾ. ಅವನ ಪ್ರಶ್ನೆಗೆ ಅವನೇ ಉತ್ತರ ಕಂಡುಕೊಂಡಿದ್ದ!

ಹೂವುಗಳು ಅಲುಗಲಿಲ್ಲ. ಕಾಲು ಜೋಮು ಹಿಡಿಯಿತು. ಲೋಬಾನದ ಹೊಗೆ ಮೂಗಿಗೇರಿತು. ಒಳಗೊಂದು ಸೀನು ಮೊಳೆಯತೊಡಗಿತು. ಸಜ್ಜನರು ಅಂಥ ಹೊತ್ತಿನಲ್ಲಿ ಮೂಗು ಹಿಡಿದುಕೊಳ್ಳುತ್ತಾರೆ. ನಾನು ಕತ್ತು ಮುಂದೆ ಚಾಚಿದೆ. ಬಲಗಡೆಗೆ! ಆಕ್ಷೀ! ಗಂಟೆ ಅಲುಗಿತು, ದೀಪ ಬೆಚ್ಚಿತು, ಬಲಗಡೆಯ ಹೂವು ಸತ್ತೆನೋ ಕೆಟ್ಟೆನೋ ಎಂದು ಹಾರಿ ಬಿತ್ತು.

“ಬಿತ್ತು! ಬಲಕ್ಕ ಬಿತ್ತು! ದೇವ್ರು ಹೂಂ ಅಂದ!” ವೈಚಾರಿಕ ಅಂಕಣಕಾರ ಕುಣಿದಾಡಿದ.

“ಒಂಟಿ ಸೀನು ಸರ್, ಅಪಶಕುನ” ಎಂದ ಭೀಮಶ್ಯಾ.

“ಥೂ, ಎಂಥಾ ಮೂಢನಂಬಿಕಿ! ಸೀನಿಗೂ ಶಕುನಕ್ಕೂ ಏನ ಸಂಬಂಧ?”

ಶ್ರೀಶೈಲಪ್ಪ ನಕ್ಕ. “ಹೂ ಖರೆ, ಸೀನು ಸುಳ್ಳೇನ್ರಿ? ಯಾವ್ದರ ಒಂದ ಹಿಡೀರಿ.”

ಗುಡಿ ನಗೆಯಿಂದ ತುಂಬಿತು. ಸುವರ್ಣಾ ಮಾತ್ರ ನಗದೆ ಎದ್ದು ನಿಂತಳು. “ನಾ ಕೊಟ್ಟ ಮಾತಿಗೆ ತಪ್ಪಾಕಿ ಅಲ್ಲ. ಹೂವು ದೇವ್ರು ಕೆಡವಿದಾ ಅಂದ್ರ ಈಗಿಂದೀಗ ಬ್ಯಾಂಕಿಗೆ ನಡೀರಿ, ಸಹಿ ಮಾಡ್ತೇನಿ. ಆದ್ರ ಬರೋ ವಾರದ ಪೇಪರಿನಾಗ ‘ದೇವ್ರ ಹೂ ಕೊಟ್ಟ, ನಾ ಸಾಲ ಮುಟ್ಟಿಸಿದೆ’ ಅಂತ ನೀವು ಬರೀಬೇಕು. ಇಲ್ಲ, ‘ನನ್ನ ಸೀನು ಕೆಡವ್ತು’ ಅಂತೀರಾ? ರೊಕ್ಕ ಇದ್ದಲ್ಲೇ ಇರ್ತೈತಿ.”

ಎಂಥ ಇಕ್ಕಟ್ಟು ನೋಡಿ! ಒಂದು ಕಡೆ ಸಾಲವಿಲ್ಲದ ಮನೆ, ಇನ್ನೊಂದು ಕಡೆ ನನ್ನ ಲೇಖನಿ. ಇಡೀ ಗುಡಿ ನನ್ನ ಬಾಯನ್ನೇ ನೋಡುತ್ತಿತ್ತು. ಪರರ ಸುಳ್ಳನ್ನು ವಾರವಾರ ಬಯಲಿಗೆಳೆಯುವವನು ನನ್ನದನ್ನು ಎಲ್ಲಿ ಮುಚ್ಚಿಡಲಿ?

“ಸೀನು” ಎಂದೆ.

“ಬಂದಿದ್ದೋ, ತಂದಿದ್ದೋ?” ಸುವರ್ಣಾಳ ಪಾಟೀಸವಾಲು!

“ಅರ್ಧಾ ಬಂತು, ಅರ್ಧಾ ತಂದೆ.”

ಹೀಗಾಗಿ ಓದುಗರೇ, ಸಾಲ ಹಾಗೇ ಇದೆ, ಠೇವಣಿಯೂ ಹಾಗೇ ಇದೆ. ಆದರೂ ಮರಳಿ ಬರುವಾಗ ನನ್ನ ಎದೆ ಉಬ್ಬಿತ್ತು. ಸತ್ಯಕ್ಕಾಗಿ ಮನೆಯ ಗೋಡೆಗಳನ್ನೇ ಬ್ಯಾಂಕಿಗೆ ಬಿಟ್ಟುಕೊಟ್ಟ ಮಹಾಪುರುಷ ಈ ತಾಲೂಕಿನಲ್ಲಿ ಇನ್ನೊಬ್ಬನಿದ್ದಾನೆಯೇ? ಹಿಂದೆ ಕೂತ ಸುವರ್ಣಾ ಮುಸಿಮುಸಿ ನಗುತ್ತಿದ್ದಳು. ನನ್ನ ದೊಡ್ಡತನಕ್ಕೆ ಕರಗಿರಬೇಕು!

“ಯಾಕ ನಗಾಕತ್ತಿ?”

“ಅಲ್ರೀ, ನೀವರ ಒಂದ ಸೀನಿಗೆ ಬಲಗಡಿದು ಕೆಡವಿದ್ರಿ. ನಾ ಕೂತಾಗಿಂದ ಎಡಗಡಿ ಹೂವಿಗೆ ಸೆರಗಿಲೆ ಗಾಳಿ ಹಾಕಿ ಹಾಕಿ ರಟ್ಟಿ ಬಿದ್ದ ಹೋದ್ವು, ಸುಡುಗಾಡಂದು ಒಂಚೂರರ ಅಳ್ಳಾಡ್ಲಿಲ್ಲ!”