ಹುಳವಿಲ್ಲದ ಅವರೆಕಾಯಿ

ಗಂಗಾಧರಯ್ಯನವರು ಕಮಲಮ್ಮನನ್ನು ಮೊದಲ ಸಲ ನೋಡಿದ್ದು ಒಂಟಿಕಾಲಿನ ಮೇಲೆ ನಿಂತು. ಮಾಗಡಿ ಕಡೆಯ ಹಳ್ಳಿಗೆ ಹೆಣ್ಣು ನೋಡಲು ಹೋದ ಮೇಷ್ಟ್ರು ಬೇಲಿಯ ಪಾಪಾಸುಕಳ್ಳಿಯ ಮುಳ್ಳು ತುಳಿದಿದ್ದರು. ಹೆಣ್ಣೇ ಬಂದು, ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ ಮುಳ್ಳು ತೆಗೆದು, "ನೆಲ ನೋಡ್ಕೊಂಡು ನಡೀರಿ ಮೇಷ್ಟ್ರೇ" ಎಂದಳು. ಅಂದಿನಿಂದ ನಲವತ್ತು ವರ್ಷ ಚಾಮರಾಜಪೇಟೆಯಲ್ಲಿ ಅವರು ನೆಲ ನೋಡಿಕೊಂಡೇ ನಡೆದಿದ್ದಾರೆ. (ತಲೆ ಎತ್ತಲು ಮನೆಯಲ್ಲಿ ಅವಕಾಶವೂ ಕಡಿಮೆ.)

ಆ ಬೇಲಿಯ ಕಳ್ಳಿಯ ಬಂಧುವೊಂದು ಈಚೆಗೆ ಹೊಲಕ್ಕೇ ಇಳಿಯಿತು. ಕಮಲಮ್ಮನ ತಮ್ಮ ಮಾಯಣ್ಣ ಡ್ರ್ಯಾಗನ್ ಹಣ್ಣಿನ ಕಳ್ಳಿ ನೆಟ್ಟ. ಅವನನ್ನು ನೋಡಿ ಊರೆಲ್ಲ ನೆಟ್ಟಿತು. ಅವರೆ ಹಬ್ಬುತ್ತಿದ್ದ ಕಡೆ ಕಳ್ಳಿಗೆ ಆಸರೆಯ ಕಂಬಗಳೆದ್ದವು.

ಕಳೆದ ಪುಷ್ಯಮಾಸದಲ್ಲಿ ಕಮಲಮ್ಮ ಜ್ವರದಿಂದ ಎದ್ದರು, ಊಟ ಮಾತ್ರ ಸೇರಲಿಲ್ಲ. ಹತ್ತು ದಿನ ಬರೀ ಗಂಜಿ. ಮೇಷ್ಟ್ರಿಗೆ ಒಳಗೊಳಗೇ ಭಯ.

"ಏನು ತಿಂತೀಯ, ಹೇಳು."

"ತವರಿನ ಅವರೆಕಾಯಿದು ಹಿತಕಿದ ಬೇಳೆ ಸಾರಾದ್ರೆ ಎರಡು ತುತ್ತು ತಿಂತೀನಿ."

ಮೇಷ್ಟ್ರು ಚೀಲ ಹಿಡಿದು ದಿಗ್ವಿಜಯಕ್ಕೆ ಹೊರಟರು. ಬೆಳಿಗ್ಗೆ ಹತ್ತಕ್ಕೆ ಹಳ್ಳಿ ಸೇರಿದರೆ ಊರಿಗೆ ಊರೇ ಗೊರಕೆ ಹೊಡೆಯುತ್ತಿತ್ತು. ಮಾಯಣ್ಣ ಕಣ್ಣುಜ್ಜುತ್ತ ಬಂದ.

"ಏನಪ್ಪ, ಊರಿಗೇ ಜ್ವರವೇ?"

"ಇಲ್ಲ ಭಾವ. ಚಳೀಲೂ ಹೂ ಬಿಡ್ಲಿ ಅಂತ ರಾತ್ರಿ ಹೊಲಕ್ಕೆ ಬಲ್ಬು ಹಾಕ್ತೀವಿ. ಹೂ ಅರಳೋದೂ ರಾತ್ರೀನೇ. ಮನೆಮಂದಿಯೆಲ್ಲ ಬ್ರಷ್ ಹಿಡ್ಕೊಂಡು ಹೂವಿಂದ ಹೂವಿಗೆ ಪುಡಿ ಮುಟ್ಟಿಸ್ತೀವಿ. ದುಂಬಿ ಕೆಲ್ಸ ಈಗ ನಮ್ದು."

"ಮದುವೆಗಿದುವೆ?"

"ಹೂ ಇಲ್ದಿರೋ ವಾರ ನೋಡಿ ಇಟ್ಕೊಳ್ತೀವಿ. ಪುರೋಹಿತ್ರೂ ಮೂವತ್ತು ಕಂಬ ನೆಟ್ಟವ್ರೆ."

"ಅವರೆಕಾಯಿ?"

ಮಾಯಣ್ಣ ತಲೆ ಕೆರೆದುಕೊಂಡ. "ನಾವೂ ಪೇಟೆಯಿಂದ್ಲೇ ತರೋದು ಭಾವ." ಸಂಕೋಚಕ್ಕೆ ಹತ್ತು ಹಣ್ಣು, ಒಂದು ಕಳ್ಳಿಯ ತುಂಡು ಕೊಟ್ಟ.

ಮೇಷ್ಟ್ರು ಹಿಂದಿರುಗಿ ಮನೆಯ ತಿರುವಿನಲ್ಲಿ, ಮನೆಗೆ ದಿನವೂ ತರಕಾರಿ ಕೊಡುವ ಚಿಕ್ಕಮುನಿಯಮ್ಮನ ಮುಂದೆ ಕೂತರು. ಉತ್ತರಪತ್ರಿಕೆ ತಿದ್ದುವ ಗಾಂಭೀರ್ಯದಿಂದ ಒಂದೊಂದು ಕಾಯಿಯನ್ನೂ ಬಿಸಿಲಿಗೆ ಹಿಡಿದು ಎರಡು ಕೇಜಿ ಆರಿಸಿದರು.

"ತವರಿನದು" ಎಂದು ಮನೆಯಲ್ಲಿ ಚೀಲವಿಟ್ಟವರೇ ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು.

ಕಮಲಮ್ಮ ಗೋಡೆಗೊರಗಿ ತಾವೇ ಕಾಯಿ ಬಿಡಿಸಿದರು, ನೆನೆಸಿ ಹಿತಕಿದರು. ಎರಡು ತುತ್ತಲ್ಲ, ಎರಡು ಸಲ ಅನ್ನ ಬಡಿಸಿಕೊಂಡರು. ಮೇಷ್ಟ್ರ ಕಣ್ಣು ತೇವವಾಯಿತು. ಕಮಲಮ್ಮ ಕೈ ತೊಳೆದು ಬಂದು ಕೇಳಿದರು:

"ಚಿಕ್ಕಮುನಿಯಮ್ಮ ಚೆನ್ನಾಗಿದಾಳಾ?"

"ಯಾ... ಯಾರು?"

"ನಮ್ಮೂರಿನ ಅವರೇಲಿ ಹಿಡಿಗೊಂದು ಹುಳ ಇರತ್ತೆ ಕಣ್ರೀ. ಇದ್ರಲ್ಲಿ ಹುಡುಕಿದ್ರೂ ಒಂದಿಲ್ಲ. ಅವಳ ಹತ್ರ ಕೂತು ಹೀಗೆ ಆರಿಸೋರು ಈ ಪೇಟೇಲಿ ನೀವೊಬ್ರೇ."

"ಗೊತ್ತಿದ್ದೂ ತಿಂದೆಯಲ್ಲ?"

"ಅಷ್ಟು ಹೊತ್ತು ಬಿಸಿಲಲ್ಲಿ ಕೂತು ಆರಿಸಿದೀರಲ್ಲ, ಅದಕ್ಕೆ."

ಈಗ ಕಮಲಮ್ಮ ಗುಣವಾಗಿದ್ದಾರೆ. ತಾರಸಿಯ ಮೇಲೆ ತಮ್ಮ ಕೊಟ್ಟ ಕಳ್ಳಿಯನ್ನು ನೆಟ್ಟು, ಅದರ ಕಂಬಕ್ಕೇ ಅವರೆಬಳ್ಳಿ ಹಬ್ಬಿಸಿದ್ದಾರೆ. ಬೆಳಿಗ್ಗೆ ಕಾಯಿ ಬಿಡಿಸುವಾಗ ಹುಳ ಸಿಕ್ಕರೆ ಅಂಗೈಯಲ್ಲಿಟ್ಟುಕೊಂಡು ಕೆಳಗಿಳಿದು ಬರುತ್ತಾರೆ.

"ನೋಡಿ ಮೇಷ್ಟ್ರೇ, ತವರಿನ ಅವರೆ ಅಂದ್ರೆ ಇದು."

ಮೇಷ್ಟ್ರು ನೆಲ ನೋಡುತ್ತಾರೆ.