ಅರೆಹೊಟ್ಟೆಯ ಕುಲುಮೆ

"ಮತ್ತೆ ಮುಟ್ಟಿದ್ರಾ? ಮೇಸ್ತ್ರೀ, ಆ ಆಕ್ಸಿಜನ್ ವಾಲ್ವ್ ಮೇಲಿಂದ ಕೈ ತೆಗೀರಿ!"

"ಮುಟ್ಟಲಿಲ್ಲ ಮೇಡಂ. ಸುಮ್ನೆ ಸವರಿದೆ."

"ಸವರಿದ್ದಕ್ಕೆ ಎರಡು ಸುತ್ತು ತಿರುಗಿಬಿಡ್ತಾ?"

ಕಂಟ್ರೋಲ್ ರೂಮಿನಲ್ಲಿ ಬೆಳಗಿನಿಂದ ಇದೇ ರಾಮಾಯಣ. ಮೇಸ್ತ್ರಿ ಇಪ್ಪತ್ತೆಂಟು ವರ್ಷ ಬಾಯ್ಲರಿಗೆ ಬೆಂಕಿ ಹಾಕಿದವರು. ಬೆಂಕಿ ಧಗಧಗ ಉರಿದರೇ ಅವರ ಹೊಟ್ಟೆ ತಣ್ಣಗಿರುವುದು. ಬಾಯ್ಲರ್ ಮುಚ್ಚಿದ ಮೇಲೆ ಅವರನ್ನು ತಂದು ಕೂರಿಸಿದ್ದು ಈ ಹೊಸ ಕುಲುಮೆಯ ಮುಂದೆ. ಇಲ್ಲಿ ಕಲ್ಲಿದ್ದಲನ್ನು ಪೂರ್ತಿ ಉರಿಯಗೊಡದೆ, ಹಬೆ ಹಾಯಿಸಿ ಗ್ಯಾಸ್ ಮಾಡುತ್ತಾರೆ. ಇಂಜಿನಿಯರಮ್ಮನಿಗೆ ಮೇಸ್ತ್ರಿಯ ಮಗಳ ವಯಸ್ಸು, ಅತ್ತೆಯ ಬಾಯಿ. ಮೇಸ್ತ್ರಿಯನ್ನು ಕಲ್ಲಿದ್ದಲಿನ ಅಂಗಳಕ್ಕೆ ಎತ್ತಿಹಾಕುವ ಕಾಗದ ಆಕೆಯ ಮೇಜಿನ ಮೇಲೆ ತಯಾರಾಗಿತ್ತು. ಎರಡು ಗಂಟೆಗೆ ಪಾಳಿ ಮುಗಿಯುವುದರೊಳಗೆ ಗ್ಯಾಸ್ ಸುಧಾರಿಸದಿದ್ದರೆ ಅದಕ್ಕೆ ಸಹಿ ಬೀಳುತ್ತದೆ. ಈ ಮಂಡಿನೋವಿನಲ್ಲಿ ಸಲಿಕೆ ಹಿಡಿಯುವುದು ಮೇಸ್ತ್ರಿಯಿಂದ ಆಗದ ಮಾತು.

"ಅಲ್ಲಾ ಮೇಡಂ, ಅರೆಹೊಟ್ಟೆ ಆಕ್ಸಿಜನ್ ಕೊಟ್ರೆ ಅದು ಉರಿಯೋದಾದ್ರೂ ಹೆಂಗೆ?"

"ಉರೀಬಾರದು ಅಂತಲೇ ಅಲ್ವೇನ್ರೀ ನಾನು ಬಡ್ಕೊಳ್ತಿರೋದು! ಪೂರ್ತಿ ಉರಿದ್ರೆ ಚಿಮಣಿಗೆ ಹೋಗುತ್ತೆ. ಅರ್ಧಕ್ಕೇ ನಿಂತ್ರೆ ಕೆಲಸಕ್ಕೆ ಬರೋ ಗ್ಯಾಸ್ ಆಗುತ್ತೆ."

"ಅರ್ಧಂಬರ್ಧ ಕೆಲಸಕ್ಕೆ ಮನೇಲಿ ಬೈಗುಳ, ಇಲ್ಲಿ ಸಂಬಳ! ಕಾಲ ಕೆಟ್ಟೋಯ್ತು ಬಿಡಿ."

"ಮಾತು ಮರೆಸಬೇಡಿ. ವಾಲ್ವ್ ಯಾಕೆ ತಿರುಗಿಸಿದ್ರಿ?"

"ಪಾಪ, ಅದಕ್ಕೆ ಚಳಿ."

"ಒಂಬೈನೂರು ಡಿಗ್ರಿ ಕುಲುಮೆಗೆ ಚಳಿನಾ? ಕಂಬಳಿ ಹೊದಿಸ್ಲಾ?"

"ಸಾವಿರ ಇರಬೇಕಾದ್ದು ಒಂಬೈನೂರಾದ್ರೆ ಚಳಿ ಅಲ್ದೆ ಇನ್ನೇನು? ಹಬೆ ಜಾಸ್ತಿ ಆಗಿದೆ ಮೇಡಂ."

"ಹಬೆ ಲೆಕ್ಕದ ಪ್ರಕಾರವೇ ಇದೆ. ಒಣ ಕಲ್ಲಿದ್ದಲು ಇಷ್ಟು, ಹಬೆ ಇಷ್ಟು. ನೋಡಿ, ಕಾಗದದಲ್ಲೇ ಬರೆದಿದೆ."

"ಕಾಗದ ಒಣಗಿದೆ, ಸರಿ. ಕಲ್ಲಿದ್ದಲು ಒಣಗಿದೆಯಾ?"

ಮೇಸ್ತ್ರಿ ಕುಂಟುತ್ತಲೇ ಎದ್ದುಹೋದರು. ಕನ್ವೇಯರಿನ ಹತ್ತಿರವಿದ್ದ ಬಕೆಟ್ಟಿನಿಂದ ಒಂದು ಹೆಂಟೆ ಕಲ್ಲಿದ್ದಲು ತಂದು, ಬೇಕಂತಲೇ ವರ್ಗಾವಣೆಯ ಕಾಗದದ ಮೇಲೆ ಇಟ್ಟರು. ಕರಿನೀರು ಇಳಿದು ಅವರ ಹೆಸರಿನವರೆಗೂ ಹರಿಯಿತು.

ಇಂಜಿನಿಯರಮ್ಮ ಹೆಂಟೆಯನ್ನು ನೋಡಿದರು, ತಮ್ಮ ಲೆಕ್ಕವನ್ನೂ ನೋಡಿದರು. ಆಮೇಲೆ ಹಬೆಯನ್ನು ಮೂರನೇ ಒಂದು ಪಾಲು ಇಳಿಸಿದರು.

"ಈಗ ನಿಮ್ಮ ಆಕ್ಸಿಜನ್ ನೀವೇ ಇಳಿಸಿ."

ಮೇಸ್ತ್ರಿ ಒಲ್ಲದ ಮನಸ್ಸಿನಿಂದ ಎರಡು ಸುತ್ತು ಇಳಿಸಿ, ಕೈಕಟ್ಟಿ ಕೂತರು. ಒಂದೂವರೆ ಗಂಟೆಯ ಹೊತ್ತಿಗೆ ಕುಲುಮೆ ಸಾವಿರಕ್ಕೆ ಬಂತು. ಗ್ಯಾಸಿನ ಮುಳ್ಳು ಅವರ ಪಾಳಿಯಲ್ಲಿ ಎಂದೂ ಕಾಣದ ಎತ್ತರಕ್ಕೆ ಏರಿತು.

"ನಾನು ನೀರು ಕುಡಿಸ್ತಿದ್ದೆ, ನೀವು ಅದನ್ನ ಒಣಗಿಸೋಕೆ ಬೆಂಕಿ ಹೆಚ್ಚಿಸ್ತಿದ್ರಿ," ಎಂದು ಇಂಜಿನಿಯರಮ್ಮ ನಕ್ಕರು. "ತಪ್ಪು ನಂದೂ ಇದೆ ಮೇಸ್ತ್ರೀ. ನೀವು ಇಲ್ಲೇ ಇರಿ."

"ಅನುಭವ ಮೇಡಂ, ಅನುಭವ!" ಮೇಸ್ತ್ರಿ ಮೀಸೆ ತಿರುವಿದರು. "ಮೊದಲು ಆ ನೀರು ಸುರಿದ ಮಹಾನುಭಾವನನ್ನ ಹಿಡೀರಿ. ಬೆಂಕಿ ಅಂದ್ರೆ ಏನೂಂತ ಗೊತ್ತಿಲ್ಲದ ದಡ್ಡ!"

ಇಂಜಿನಿಯರಮ್ಮ ಅಂಗಳಕ್ಕೆ ಫೋನ್ ಹಚ್ಚಿ, ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ಕಲ್ಲಿದ್ದಲಿಗೆ ಅಷ್ಟೊಂದು ನೀರು ಹೊಡೆಯೋಕೆ ಯಾರ್ರೀ ಹೇಳಿದ್ದು?"

"ಇನ್ಯಾರು ಮೇಡಂ, ನಿಮ್ಮ ಮೇಸ್ತ್ರೀನೇ! ಮನೆ ಇಲ್ಲೇ ಅಂಗಳದ ಪಕ್ಕ, ಒಗೆದು ಹಾಕಿದ ಬಟ್ಟೆ ಮೇಲೆಲ್ಲ ಕಲ್ಲಿದ್ದಲಿನ ಧೂಳು ಕೂತು ಹೆಂಡ್ತಿ ಮನೆಗೆ ಸೇರಿಸ್ತಿಲ್ಲ, ಚೆನ್ನಾಗಿ ನೆನೆಸಪ್ಪಾ ಅಂತ ಮೂರು ವಾರದ ಹಿಂದೆ ಕೈಮುಗಿದು ಬೇಡ್ಕೊಂಡ್ರು."

ಮೇಸ್ತ್ರಿಯ ಮೀಸೆ ತಾನಾಗಿಯೇ ಕೆಳಗಿಳಿಯಿತು. ಅಂಗಳದಲ್ಲಿ ಸುರಿದ ನೀರು ತಮ್ಮ ಕುಲುಮೆಗೇ ಬಂದೀತೆಂದು ಅವರಿಗೆ ಹೊಳೆದೇ ಇರಲಿಲ್ಲ.

"ಇವತ್ತಿಂದ ನೀರು ಬಂದ್," ಎಂದು ಇಂಜಿನಿಯರಮ್ಮ ಫೋನ್ ಇಟ್ಟರು. "ಸರಿ ಮೇಸ್ತ್ರೀ, ಎರಡು ಗಂಟೆ ಆಯ್ತು. ಮನೆಗೆ ಹೊರಡಿ. ಯಾಕೆ ಹಂಗೇ ಕೂತ್ರಿ?"

"ಮೇಡಂ, ಆ ಕಾಗದಕ್ಕೆ ಸಹಿ ಹಾಕಿಬಿಡಿ. ಅಂಗಳದಲ್ಲಾದ್ರೆ ಮಲಗೋಕೆ ಒಂದು ಶೆಡ್ ಆದ್ರೂ ಇದೆ."